ತಮ್ಮ ಹೇಳಿದ ಸಾಕ್ಷಿ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಬೆಂಗಳೂರಿನ ಆ ಸಂಜೆ ನನ್ನ ತಮ್ಮ ವೇದಿಕೆಯ ಮೇಲೆ ಬಿದ್ದ ಮೇಲೆ ಯಾವ ಹಾಡು ನಡೆದಿತ್ತು ಎಂದು ಕೇಳಿದವರಿಗೆ ನಾನು ಒಬ್ಬೊಬ್ಬರಿಗೆ ಒಂದೊಂದು ಹಾಡು ಹೇಳಿದ್ದೇನೆ. ಪ್ರತಿ ಸಲವೂ ಖಾತ್ರಿಯಿಂದಲೇ ಹೇಳಿದ್ದೆ. ಅವನು ಹಾಕಿದ್ದ ಅಂಗಿ ಬಿಳಿ ಎಂದು ನಾನು. ಕೆನೆಬಣ್ಣದ್ದು, ಇಸ್ತ್ರಿ ಮಾಡಿಕೊಟ್ಟಿದ್ದೇ ನಾನು ಎಂದು ಅಮ್ಮ. ಆ ಕಾಲದಲ್ಲಿ ನಾನು ತಪ್ಪದೆ ಡೈರಿ ಬರೆಯುತ್ತಿದ್ದೆ, ಆದರೆ ಆ ವಾರದ ಪುಟಗಳು ಖಾಲಿ. ಆಗ ಬಿ.ಎ.ಯಲ್ಲಿ ಓದುತ್ತಿದ್ದ ಇತಿಹಾಸವನ್ನೇ ಮುಂದೆ ಎಂ.ಎ.ಯಲ್ಲೂ ಓದಿದೆ. ನಡೆದು ಎಷ್ಟೋ ಕಾಲವಾದ ಮೇಲೆ ಬರೆದದ್ದನ್ನು ಸುಲಭಕ್ಕೆ ನಂಬಬೇಡಿ ಎಂದು ಅಲ್ಲಿ ಹೇಳಿಕೊಟ್ಟರು. ಈ ಬರಹಕ್ಕೂ ಅದು ಅನ್ವಯಿಸುತ್ತದೆ.

ನನ್ನ ತಮ್ಮನಿಗೆ ಹೈಸ್ಕೂಲಿನಿಂದಲೇ ಫಿಟ್ಸ್ ಬರುತ್ತಿತ್ತು. ಇದರಲ್ಲಿ ಅನುಮಾನವಿಲ್ಲ. ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮ ಬಾಡಿಗೆ ಮನೆ. ಅಪ್ಪ ತೀರಿಕೊಂಡಿದ್ದರು, ಅಮ್ಮ ಶಾಲೆಯೊಂದರಲ್ಲಿ ಟೀಚರ್. ತಮ್ಮ ಐಟಿಐ ಮುಗಿಸಿ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿಗೆ ಸೇರಿದ್ದ. ಒಂದು ಮಧ್ಯಾಹ್ನ ಲೇತ್ ಮಷೀನಿನ ಪಕ್ಕದಲ್ಲೇ ಬಿದ್ದ. ಜೊತೆಯವರು ಅವನ ಕೈಗೆ ಬೀಗದ ಕೈಗಳ ಗೊಂಚಲು ಹಿಡಿಸಿ, ಬೆರಳು ಒತ್ತಿ ಹಿಡಿದು ಕೂತಿದ್ದರಂತೆ. ಮನೆಗೆ ಬಂದಾಗ ಅಂಗೈಯಲ್ಲಿ ಕೀಗಳ ಅಚ್ಚು ಮೂಡಿತ್ತು. ಮಾಲೀಕರು, "ಮೊದ್ಲು ಆರಾಮಾಗ್ಲಿ, ಆಮೇಲ್ ನೋಡಣ" ಅಂದರು. ಆ ಆಮೇಲೆ ಬರಲೇ ಇಲ್ಲ.

ಡಾಕ್ಟರು ಕೊಟ್ಟ ಮಾತ್ರೆ ಫಿಟ್ಸ್ ನಿಲ್ಲಿಸಿತು. ಜೊತೆಗೆ ಸದಾ ತೂಕಡಿಕೆ ತಂದಿತು, ವಸಡು ಊದಿಸಿತು. ಊತ ಹಲ್ಲುಗಳ ಅರ್ಧಕ್ಕೆ ಬಂದಿತ್ತು. ಇಪ್ಪತ್ತರ ಹುಡುಗ, ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಕುಣಿಗಲ್‌ನ ಶಾಲೆಯೊಂದರ ಮೈದಾನದಲ್ಲಿ ಪ್ರಾರ್ಥನಾ ಕೂಟ ನಡೆಯಿತು. ನಮ್ಮ ಚರ್ಚಿನ ಯುವಜನ ಸಂಘದವರೆಲ್ಲ ಬಸ್ಸು ಮಾಡಿಕೊಂಡು ಹೋದೆವು. ಹೊರಗಿನಿಂದ ಬಂದಿದ್ದ ಪ್ರಸಂಗಿಯೊಬ್ಬರು ತಮ್ಮನ ತಲೆಯ ಮೇಲೆ ಕೈಯಿಟ್ಟು, ನಿನಗೆ ಬಿಡುಗಡೆಯಾಯಿತು ಎಂದರು. ಮಾತ್ರೆ ನಿಲ್ಲಿಸು ಎಂದು ಅವರು ಹೇಳಿದ್ದು ನನಗೆ ನೆನಪಿಲ್ಲ. ಇದನ್ನು ಒತ್ತಿ ಬರೆಯಬೇಕು. ಏಕೆಂದರೆ ಆಮೇಲೆ ನಮ್ಮ ಮನೆಯಲ್ಲಿ ಅವರು ಹಾಗೆ ಹೇಳಿದರು ಎಂದೇ ಮಾತಾಯಿತು, ಈಗ ಅಮ್ಮನಿಗೆ ಅವರ ದನಿ ಕೂಡ ಕಿವಿಯಲ್ಲಿದೆಯಂತೆ. ನನಗೆ ನೆನಪಿರುವುದು ವಾಪಸು ಬರುವಾಗ ಬಸ್ಸು ಕೆರೆ ಏರಿಯ ಮೇಲೆ ಹೋಗುತ್ತಿದ್ದದ್ದು, ಕಿಟಕಿಗೆ ತಲೆಕೊಟ್ಟು ಕೂತ ತಮ್ಮ ಸದ್ದಿಲ್ಲದೆ ಅಳುತ್ತಿದ್ದದ್ದು. ಅವತ್ತಿನಿಂದ ಅವನು ಮಾತ್ರೆ ಮುಟ್ಟಲಿಲ್ಲ.

ವಾರಗಳು ಕಳೆದರೂ ಫಿಟ್ಸ್ ಬರಲಿಲ್ಲ. ತೂಕಡಿಕೆ ಹೋಯಿತು. ವಸಡು ಇಳಿಯತೊಡಗಿತು. ಮಾತ್ರೆ ನಿಲ್ಲಿಸಿದರೆ ವಸಡು ಇಳಿಯುತ್ತದೆ ಎಂಬುದು ಆಗ ನಮಗ್ಯಾರಿಗೂ ಹೊಳೆಯಲಿಲ್ಲ. ಅದನ್ನೇ ಪವಾಡದ ಗುರುತು ಎಂದುಕೊಂಡೆವು. ಅವನು ಕೈ ಅಡ್ಡ ಇಡದೆ ನಕ್ಕ ದಿನ ಅಮ್ಮ ಒಲೆಯ ಮುಂದೆಯೇ ಮೊಣಕಾಲೂರಿದಳು.

ಸಾಕ್ಷಿ ಎಂದರೆ ದೇವರು ತನಗೆ ಮಾಡಿದ ಉಪಕಾರವನ್ನು ಸಭೆಯ ಮುಂದೆ ನಿಂತು ಬಾಯಿಬಿಟ್ಟು ಹೇಳುವುದು. ನಮ್ಮ ಸಂಘದಲ್ಲಿ ಉಳಿದವರ ಸಾಕ್ಷಿಗಳೆಲ್ಲ ಪರೀಕ್ಷೆ ಪಾಸಾದದ್ದು, ಕಳೆದ ಸೈಕಲ್ ಸಿಕ್ಕಿದ್ದು. ತಮ್ಮನದು ಕೇಳಿದರೆ ಜನ ಎದ್ದು ನಿಲ್ಲುತ್ತಿದ್ದರು. ಆ ವರ್ಷ ಸಂಘ ಬೆಂಗಳೂರಿಗೆ ಸುವಾರ್ತೆಯ ಪ್ರಯಾಣ ಗೊತ್ತುಮಾಡಿತು. ಅಲ್ಲಿನ ದೊಡ್ಡ ಸಭೆಯೊಂದರವರ ಜೊತೆ ಸೇರಿ ಬೀದಿಗಳಲ್ಲಿ ಹಾಡುವುದು, ನಾಟಕ ಆಡುವುದು, ಕೊನೆಯ ಸಂಜೆ ಅವರ ಹಾಲ್‌ನಲ್ಲಿ ಕೂಟ, ಅಲ್ಲಿ ತಮ್ಮನ ಸಾಕ್ಷಿ. ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ನಕ್ಕರು. "ಬೆಂಗ್ಳೂರಿಗಾ? ಅದ್ಕೆ ಇಷ್ಟೊಂದ್ ಪ್ರಾರ್ಥನೆನಾ? ನಮ್ಮನೆಯವ್ರು ದಿನಾ ಪಾಸ್ ಇಟ್ಕೊಂಡು ರೈಲಲ್ಲಿ ಹೋಗ್ಬರ್ತಾರೆ, ಅವ್ರಿಗೂ ಒಂದ್ ಹಾರ ಹಾಕ್ರೇ!"

ಹೋಗುವ ಮುಂಚೆ ಊರೂರಲ್ಲಿ ಅಭ್ಯಾಸ. ಸಿ.ಎಸ್. ಪುರದಲ್ಲಿ ಒಬ್ಬರ ಮನೆಯ ಅಂಗಳದಲ್ಲಿ ತಮ್ಮ ಮೊದಲ ಸಲ ಹೊರಗಿನವರೆದುರು ಮಾತಾಡಿದ. ತಡವರಿಸಿದ, ತಿಂಗಳಿಗೊಮ್ಮೆ ಬೀಳುತ್ತಿದ್ದೆ ಅಂದ. ಕುಣಿಗಲ್‌ಗೆ ಮತ್ತೆ ಹೋದಾಗ ಅದು ವಾರಕ್ಕೊಮ್ಮೆ ಆಗಿತ್ತು. ಗುಬ್ಬಿಗೆ ಬರುವ ಹೊತ್ತಿಗೆ ದಿನಾ ಬೀಳುತ್ತಿದ್ದ, ಡಾಕ್ಟರು ಕೈಚೆಲ್ಲಿದ್ದರು. ಅವನು ಸುಳ್ಳುಗಾರನಲ್ಲ. ಕೇಳುವವರ ಮುಖ ನೋಡುತ್ತಾ ಹೇಳುತ್ತಿದ್ದ, ಅವರ ಮುಖ ಅವನಿಂದ ಇನ್ನಷ್ಟು ಎಳೆಯುತ್ತಿತ್ತು. ಆಮೇಲೆ ಅವನಿಗೇ ಹಾಗೆ ನೆನಪಾಗುತ್ತಿತ್ತೆಂದು ಕಾಣುತ್ತದೆ. ನೆನಪಿನ ಮೇಲೆ ನನಗೆ ನಂಬಿಕೆ ಹೋದದ್ದು ಎಂ.ಎ. ತರಗತಿಯಲ್ಲಲ್ಲ, ಅಲ್ಲಿ.

ಗುಬ್ಬಿಯಲ್ಲಿ ಕೂಟ ಮುಗಿದ ಮೇಲೆ ಊಟಕ್ಕೆ ಸಾಲಾಗಿ ಕೂತಿದ್ದೆವು. ತಮ್ಮ ನನ್ನೆದುರಿಗೆ. ಮುದ್ದೆ ಮುರಿದ ಕೈ ಸಾರಿನ ಮೇಲೆ ನಿಂತುಬಿಟ್ಟಿತು. ಕಣ್ಣು ತೆರೆದಿದ್ದವು, ಅವನಿರಲಿಲ್ಲ. ತುಟಿ ಏನನ್ನೋ ಸವಿಯುವಂತೆ ಅಲುಗಿತು. ಮತ್ತೆ ಬಂದ, ಊಟ ಮುಂದುವರಿಸಿದ. ಪಕ್ಕದಲ್ಲಿದ್ದ ಹುಡುಗ, "ಏನ್ಲಾ, ಬೆಂಗ್ಳೂರ್ ಕನಸು ಈಗ್ಲೇ ಬಿತ್ತಾ?" ಅಂದ. ಎಲ್ಲರೂ ನಕ್ಕರು, ತಮ್ಮನೂ ನಕ್ಕ. ಮಾತ್ರೆ ಶುರುವಾಗುವ ಮುಂಚಿನ ದಿನಗಳಲ್ಲಿ, ದೊಡ್ಡ ಫಿಟ್ಸಿಗೆ ಮೊದಲು, ಅವನು ಹೀಗೇ ಇದ್ದಲ್ಲೇ ಇಲ್ಲದಂತಾಗುತ್ತಿದ್ದ.

ಅಮ್ಮನಿಗೆ ಹೇಳಿದೆ. ಅಮ್ಮ ಕೈಲಿದ್ದ ಪಾತ್ರೆ ಕೆಳಗಿಟ್ಟು ನನ್ನನ್ನೇ ನೋಡಿದಳು. "ಕರ್ತನು ಕೊಟ್ಟಿದ್ದನ್ನ ನೀನ್ ಕಿತ್ಕೋಬೇಡ್ವೇ." ಸಂಘದ ಮುಂದಾಳಿಗೆ ಹೇಳಿದೆ. ನಮಗಿಂತ ಹತ್ತು ವರ್ಷ ದೊಡ್ಡವರು, ಎಲ್ಲರಿಗೂ ಅಣ್ಣ, ನಿಜವಾಗಿಯೂ ಒಳ್ಳೆಯವರು. ಅವರ ಮುಖ ಬಾಡಿತು. "ಡಾಕ್ಟ್ರ ಹತ್ರ ಹೋಗ್ಬೇಡ ಅಂತ ನಾನ್ ಯಾವತ್ತೂ ಅಂದಿಲ್ಲಮ್ಮ. ಅವನೇನಂತಾನೆ?" ಎಂದರು. ನಮ್ಮ ಅಯ್ಯನವರ ಹತ್ತಿರ ಹೋದೆ. ಆ ವಯಸ್ಸಾದ ಪಾದ್ರಿ, ಮಾತ್ರೆಯೂ ದೇವರದೇ, ನುಂಗಲು ಹೇಳು ಎಂದರು. ಎಲ್ಲ ದಾರಿಯೂ ಸುತ್ತಿ ತಮ್ಮನ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಬೆಂಗಳೂರಿಗೆ ಹೊರಟ ದಿನ ನೆಲಮಂಗಲದಲ್ಲಿ ಟೀ ಕುಡಿಯಲು ವ್ಯಾನು ನಿಂತಾಗ ಅವನನ್ನು ಹಿಂದಕ್ಕೆ ಕರೆದು, ನನ್ನ ಪರ್ಸಿನಲ್ಲಿದ್ದ ಮಾತ್ರೆ ತೋರಿಸಿದೆ.

"ಒಂದೇ ಒಂದು. ಯಾರಿಗೂ ಗೊತ್ತಾಗಲ್ಲ ಕಣೋ."

"ಇದ್ನ ನುಂಗಿ, ಆಮೇಲ್ ಹೋಗಿ ನಿಂತ್ಕೊಂಡು, ಮಾತ್ರೆ ಇಲ್ದೆ ಬದುಕಿದೀನಿ ಅನ್ಲಾ? ಸುಳ್ಳು ಸಾಕ್ಷಿ ಆಗಲ್ವಾ ಅದು?"

"ಹಂಗಾದ್ರೆ ಹೇಳ್ಲೇಬೇಡ. ಹುಷಾರಿಲ್ಲ ಅನ್ನು."

"ಹುಷಾರಾಗಿದೀನಿ ಅಂತ ಹೇಳಕ್ಕೆ ಹೋಗ್ತಿರೋನು ಹುಷಾರಿಲ್ಲ ಅನ್ಲಾ?" ಎಂದು ನಕ್ಕ. ಚೆಂದದ ಹಲ್ಲು ಅವನವು. "ಹಿಸ್ಟರಿ ಓದೋಳು ನೀನು, ಡಾಕ್ಟ್ರು ಕೆಲ್ಸ ಯಾಕೆ? ಬುಡು ಅತ್ಲಾಗೆ." ಆಮೇಲೆ ನಗು ನಿಲ್ಲಿಸಿ, "ಗುಬ್ಬಿಲಿ ಆಗಿದ್ದು ನಂಗೂ ಗೊತ್ತಾಯ್ತಕ್ಕ. ಮತ್ತೆ ಫಿಟ್ಸ್ ಹುಡ್ಗ ಆಗಕ್ಕೆ ಆಗಲ್ಲ ನನ್ ಕೈಲಿ" ಅಂದ.

ಈ ಕೊನೆಯ ಮಾತು ಅವನು ಹೇಳಿದನೋ, ನಾನು ಸೇರಿಸಿಕೊಂಡೆನೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೇಳಿದ ಎಂದೇ ಅನಿಸುತ್ತದೆ.

ಬೆಂಗಳೂರಿನ ಆ ಸಭೆ ನಮ್ಮದರಂತಲ್ಲ. ನಮ್ಮಲ್ಲಿ ಜನ ಬೆಂಚಿನಲ್ಲಿ ಕೂತು ಪುಸ್ತಕ ನೋಡಿ ಹಾಡಿ ಮನೆಗೆ ಹೋಗುವವರು. ಅಲ್ಲಿ ಪ್ರಾರ್ಥನೆ ಏರಿದಂತೆ ಜನ ಬೀಳುತ್ತಿದ್ದರು. ಬೆಳಗಿನ ಕೂಟದಲ್ಲೇ ಒಬ್ಬ ಹೆಂಗಸು ಹಿಂದಕ್ಕೆ ಬಿದ್ದಳು. ಹಿಂದೆ ನಿಂತವರು ಹಿಡಿದು ಮಲಗಿಸಿ ಮೇಲೊಂದು ಬಟ್ಟೆ ಹೊದಿಸಿದರು. ಆಮೇಲೆ ಅವಳು ಎದ್ದು ಕಣ್ಣೊರೆಸಿಕೊಂಡು ನಗುತ್ತಾ ಕೂತಳು. ಪವಿತ್ರಾತ್ಮ ಇಳಿದಾಗ ಹಾಗಾಗುತ್ತದೆ ಎಂದು ಅಲ್ಲಿನವರು ನಮಗೆ ವಿವರಿಸಿದರು. "ಯಾರಾದ್ರೂ ಬಿದ್ರೆ ಗಾಬರಿ ಬೀಳ್ಬೇಡಿ, ಮುಟ್ಬೇಡಿ. ದೇವ್ರು ಕೆಲ್ಸ ಮಾಡ್ತಿರ್ತಾನೆ, ಸ್ತೋತ್ರ ಮಾಡ್ತಾ ಇರಿ." ನಮ್ಮ ಗುಂಪು ತಲೆಯಾಡಿಸಿತು.

ಸಂಜೆ ಹಾಲ್ ತುಂಬಿತ್ತು. ನಾನು ಹುಡುಗಿಯರ ಸಾಲಿನಲ್ಲಿ, ವೇದಿಕೆಯಿಂದ ಹತ್ತಾರು ಸಾಲು ಹಿಂದೆ. ತಮ್ಮ ಮೆಟ್ಟಿಲಿನವರೆಗೆ ಹೋಗಿ ನಿಂತು, ತಿರುಗಿ ನೋಡಿದ. ನನ್ನನ್ನೇ ನೋಡಿದ ಎಂದು ನನಗೆ ಅನಿಸಿತು. ಆಮೇಲೆ ಹತ್ತಿದ. ಮೈಕು ಹಿಡಿದು, "ತುಮಕೂರಿಂದ ಬಂದಿದೀನಿ" ಅಂದ. ಕುಣಿಗಲ್‌ವರೆಗೂ ಹೇಳಿದ. ಅಲ್ಲಿ ಮಾತು ನಿಂತಿತು. ಮೌನವನ್ನು ಭಾವುಕತೆ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಅವನ ತಲೆ ಒಂದು ಪಕ್ಕಕ್ಕೆ ತಿರುಗಿತು, ಬಾಯಿಂದ ಒಂದು ಕೂಗು ಬಂತು, ಬಿದ್ದ.

ಇಡೀ ಹಾಲ್ ಎದ್ದು ನಿಂತಿತು. ಕೈಗಳು ಮೇಲೆದ್ದವು. ಡ್ರಮ್ಮು, ಕೀಬೋರ್ಡು ಜೋರಾದವು. ಯಾರೋ ಬಟ್ಟೆ ತಂದು ಅವನ ಮೇಲೆ ಹೊದಿಸಿದರು. ಅದರಡಿಯಲ್ಲಿ ಅವನ ಕಾಲುಗಳು ಹಲಗೆಗೆ ಬಡಿಯುತ್ತಿದ್ದವು, ಆ ಬಡಿತವೂ ತಾಳಕ್ಕೆ ಸೇರಿಹೋಯಿತು. ನಾನು ಬೆಂಚು ದಾಟಿ, ಜನರನ್ನು ತಳ್ಳಿ, "ಫಿಟ್ಸು, ಅದು ಫಿಟ್ಸು, ಪಕ್ಕಕ್ಕೆ ಹೊರಳ್ಸಿ" ಎಂದು ಕಿರುಚಿದೆ. ಸುತ್ತ ಎಲ್ಲರೂ ಕಿರುಚುತ್ತಿದ್ದರು, ಅಳುತ್ತಿದ್ದರು. ಕೂದಲು ಬಿಚ್ಚಿ ಅಳುತ್ತಾ ಮುಂದೆ ನುಗ್ಗುವವಳು ಅವರಿಗೆ ಹೊಸಬಳಲ್ಲ. ಒಬ್ಬಾಕೆ ನನ್ನ ಭುಜ ತಬ್ಬಿ ಹಿಡಿದು, ನನಗಾಗಿಯೇ ಪ್ರಾರ್ಥಿಸತೊಡಗಿದಳು. ಅವಳ ತೋಳು ಬಿಡಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಅಷ್ಟು ಪ್ರೀತಿಯಿಂದ ಹಿಡಿದಿದ್ದಳು.

ಕಂಡುಕೊಂಡದ್ದು ಸಂಘದ ಅಣ್ಣ. ತಮ್ಮನ ಪ್ಯಾಂಟು ಒದ್ದೆಯಾಗಿ ಹಲಗೆಯ ಮೇಲೆ ನೀರು ಹರಿಯುವುದನ್ನು ಕಂಡು ಬಟ್ಟೆ ಕಿತ್ತೆಸೆದರು. ಅವನ ಮುಖ ನೀಲಿಗಟ್ಟಿತ್ತು. ಅಣ್ಣ ಅವನನ್ನು ಎತ್ತಿಕೊಂಡು ಆಟೋದ ಕಡೆಗೆ ಓಡುವಾಗಲೂ ಒಳಗೆ ಹಾಡು ನಿಂತಿರಲಿಲ್ಲ.

ಎಷ್ಟು ಹೊತ್ತಿನಿಂದ ಹೀಗಿದೆ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು. ಗಡಿಯಾರ ಯಾರೂ ನೋಡಿರಲಿಲ್ಲ. ಒಂದು ಹಾಡು ಎಂದರು ಅಣ್ಣ. ಇಲ್ಲ, ಎರಡು, ನಡುವೆ ಪ್ರಾರ್ಥನೆಯೂ ಆಯಿತು ಎಂದೆ ನಾನು. ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು. ಮತ್ತೆ ಮತ್ತೆ ಬಂದ ಫಿಟ್ಸ್ ನಿಲ್ಲಲು ಮರುದಿನವಾಯಿತು.

ತಮ್ಮ ಬದುಕಿದ. ಆದರೆ ಬಲಗೈ ಮೊದಲಿನಂತಾಗಲಿಲ್ಲ, ಮಾತು ನಿಧಾನವಾಯಿತು, ಹುಡುಕಿ ಹುಡುಕಿ ಆಡುವ ಮಾತು. ಅಮ್ಮ ಇದನ್ನು ದೇವರ ಪರೀಕ್ಷೆ ಎಂದಳು. ಆಮೇಲೆ ಏನೂ ಅನ್ನುವುದನ್ನೇ ಬಿಟ್ಟಳು. ಈಗಲೂ ಭಾನುವಾರ ಚರ್ಚಿಗೆ ಹೋಗುತ್ತಾಳೆ, ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರುತ್ತಾಳೆ.

ಆ ಸಂಜೆಯನ್ನು ಅಲ್ಲಿನವರು ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿದ್ದರು. ಅದು ಅಣ್ಣನ ಕೈಗೆ ಬಂತು. ಬೇಡಮ್ಮ ಎಂದರೂ ಹಟ ಮಾಡಿ ಅವರ ಮನೆಯಲ್ಲೇ ಕೇಳಿದೆ. ತಮ್ಮನ ಮಾತು, ಮೌನ, ಚಪ್ಪಾಳೆ, ಆ ಕೂಗು. ಆಮೇಲೆ ಹಾಡು ಯಾವುದೆಂದೂ ತಿಳಿಯದ ಗದ್ದಲದ ನಡುವೆ ನನ್ನ ದನಿ. ಅದು ನನ್ನದೇ. ಆದರೆ ಅದರಲ್ಲಿ ಫಿಟ್ಸ್ ಎಂಬ ಮಾತಿಲ್ಲ. "ಯೇಸಪ್ಪಾ, ಯೇಸಪ್ಪಾ" ಎಂದಷ್ಟೇ ಇದೆ, ಮತ್ತೆ ಮತ್ತೆ. ಮಿಕ್ಕಿದ್ದು ಮೈಕಿಗೆ ಸಿಕ್ಕಿರಲಿಕ್ಕಿಲ್ಲ ಎಂದು ಅಣ್ಣ ಸಮಾಧಾನ ಹೇಳಿದರು. ಇರಬಹುದು. ಇಲ್ಲದಿರಲೂಬಹುದು. ಅಂದಿನಿಂದ ಆ ಸಂಜೆಯ ಬಗ್ಗೆ ನನ್ನ ನೆನಪನ್ನು ಮಾತ್ರ ಆಧಾರ ಮಾಡಿಕೊಂಡು ನಾನು ಏನನ್ನೂ ಖಡಾಖಂಡಿತ ಹೇಳುವುದಿಲ್ಲ.

ಕೆಲವು ವರ್ಷಗಳ ಮೇಲೆ ನನಗೆ ಗುಬ್ಬಿಯಲ್ಲಿ ಉಪನ್ಯಾಸಕಿಯ ಕೆಲಸ ಸಿಕ್ಕಿ, ಮೂವರೂ ಅಲ್ಲಿಗೆ ಬಂದೆವು. ತಮ್ಮ ಹೊತ್ತುಹೊತ್ತಿಗೆ ಮಾತ್ರೆ ತೆಗೆದುಕೊಳ್ಳುತ್ತಾನೆ, ನಾನು ನೆನಪಿಸಬೇಕಾಗಿಲ್ಲ. ನನ್ನನ್ನು ಕೊರೆಯುವುದು ಬೇರೆ. ಫಿಟ್ಸ್ ಬರುವ ಮುಂಚೆ ಕೆಲವು ಸಲ ಅವನಿಗೆ ತಿಳಿಯುತ್ತಿತ್ತು. ಹೊಟ್ಟೆಯಿಂದ ಏನೋ ಮೇಲಕ್ಕೇರುತ್ತೆ ಅನ್ನುತ್ತಿದ್ದ. ಆಗ ತಾನೇ ನೆಲದ ಮೇಲೆ ಕೂತುಬಿಡುತ್ತಿದ್ದ, ನನ್ನನ್ನು ಕೂಗುತ್ತಿದ್ದ. ಮೆಟ್ಟಿಲ ಬಳಿ ಅವನು ತಿರುಗಿದ್ದು ಕ್ಯಾಸೆಟ್ಟಿನಲ್ಲಿಲ್ಲ. ಯಾಕೆ ತಿರುಗಿದ ಎಂದು ಬಲ್ಲವನು ಅವನೊಬ್ಬನೇ, ಅದೂ ಅವನಿಗೆ ನೆನಪಿದ್ದರೆ.

ಹೋದ ಚಳಿಗಾಲ ಮನೆಯ ಮುಂದೆ ಕೂತು ಇಬ್ಬರೂ ಅವರೆಕಾಯಿ ಬಿಡಿಸುತ್ತಿದ್ದೆವು, ಅವನು ಎಡಗೈಯಲ್ಲಿ. ಆಗ ಕೇಳಿದೆ. ಅವನು ಕಾಯಿ ಸುಲಿಯುವುದು ನಿಲ್ಲಿಸಿದ, ಮತ್ತೆ ಶುರುಮಾಡಿದ. ಮಾತು ಹುಡುಕುತ್ತಿರಬೇಕು ಎಂದು ಕಾದೆ. ಇವತ್ತಿಗೂ ಅವನು ಏನೂ ಹೇಳಿಲ್ಲ, ಎರಡನೆಯ ಸಲ ಕೇಳುವ ಧೈರ್ಯ ನನಗೆ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅವತ್ತು ಮೆಟ್ಲು ಹತ್ರ ನಿಂತು ತಿರುಗಿ ನೋಡಿದ್ಯಲ್ಲೋ, ಬರ್ತಾ ಇದೆ ಅಂತ ಆಗ್ಲೇ ಗೊತ್ತಾಗಿತ್ತಾ? ನನ್ನ ಕರೆದ್ಯಾ, ಇಲ್ಲಾ ಬರ್ಬೇಡ ಅಂದ್ಯಾ?"