ಹಾಡಿಗೆ ಹೋದ ಮೊದಲ ಬಿನ್ನಹ

ನಮ್ಮ ಮಠದ ಸ್ವಾಮಿಗಳಾದ ಬುದ್ದಿಯವರ ಹಿಮ್ಮಡಿಗಳು ಒಡೆದು, ಆ ಬಿರುಕುಗಳಲ್ಲಿ ಗುಡ್ಡದ ಕೆಮ್ಮಣ್ಣು ಕೂತಿರುತ್ತಿತ್ತು. ಕಾರ್ತಿಕದ ಮೊದಲ ಸೋಮವಾರ ಅವರ ಬಿನ್ನಹ, ಅಂದರೆ ಪಾದಪೂಜೆ ಮತ್ತು ಊಟ, ನನ್ನ ಅಪ್ಪನ ಕಾಲದಿಂದಲೂ ನಮ್ಮ ಮನೆಯಲ್ಲೇ. ನನ್ನ ಹೆಂಡತಿ ಬಿಸಿನೀರು ಹಾಕಿ ಎಷ್ಟು ತೊಳೆದರೂ ಆ ಮಣ್ಣು ಬಿಡುತ್ತಿರಲಿಲ್ಲ. "ಇರ್ಲಿ ಬುಡವ್ವ, ನಾಳೆ ಮತ್ತೆ ಅಲ್ಲಿಗೇ ಓಗೋ ಕಾಲು" ಎಂದು ನಗುತ್ತಿದ್ದರು.

ಹುಲ್ಲಹಳ್ಳಿಯಿಂದ ಮುಂದೆ, ಕಾಡಿಗೆ ಹತ್ತಿರದ ಸಣ್ಣ ಮಠ ನಮ್ಮದು. ಅಲ್ಲಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ನಿವೃತ್ತನಾದ ಮೇಲೆ ಮಠದ ಕೆಲಸವೇ ನನ್ನ ಕೆಲಸ. ಬುದ್ದಿಯವರಿಗೆ ಮುದ್ದೆ ಬಿಸಿಯಾಗಿರಬೇಕು, ಪೇಪರಿನಲ್ಲಿ ಮೊದಲು ಮಳೆಯ ಸುದ್ದಿ ಓದಬೇಕು, ಯಾರಾದರೂ ಭಾಷಣ ಎಳೆದರೆ ಅವರು ಧ್ಯಾನದಲ್ಲಿದ್ದಂತೆ ಕಂಡರೂ ನಿಜಕ್ಕೂ ನಿದ್ದೆ ಮಾಡುತ್ತಿರುತ್ತಾರೆ. ಇದೆಲ್ಲ ನನಗೊಬ್ಬನಿಗೇ ಗೊತ್ತು ಎಂಬ ಜಂಬ ನನಗಿತ್ತು.

ಮಠದ ಗುಡ್ಡಕ್ಕೆ ಹಿಂದಿನವರು ನೀಲಗಿರಿ ನೆಡಿಸಿದ್ದರು. ಕೆಳಗಿನ ಕಟ್ಟೆ ಒಣಗಿ, ಕಪಿಲೆಗೆ ಹರಿಯುತ್ತಿದ್ದ ಹಳ್ಳದ ಗುರುತೂ ಉಳಿದಿರಲಿಲ್ಲ. "ನರಸೀಪುರದ ಸಂಗಮದಲ್ಲಿ ಮುಳುಗೆದ್ರೆ ಸಾಲ್ದು, ಅಲ್ಲಿಗೆ ನೀರೂ ಕಳಿಸ್ಬೇಕು" ಎನ್ನುತ್ತಿದ್ದರು ಬುದ್ದಿಯವರು. ಮಠಕ್ಕಿಂತ ಮೊದಲು ಆ ಗುಡ್ಡ ಜೇನುಕುರುಬರದು. ಅವರ ದೇವತೆ ಅವ್ವನ ಕಲ್ಲು ನೆತ್ತಿಯ ಮೇಲಿದೆ. ಬೇಲಿ ಹಾಕಿ ಅವರನ್ನು ಹೊರಗಿಟ್ಟದ್ದೂ ಮಠದ ಹಿಂದಿನವರೇ. ಬುದ್ದಿಯವರು ಬೇಲಿ ಕೀಳಿಸಿದರು. ಕಾಡಂಚಿನ ಅವರ ಗುಡಿಸಲುಗಳ ಹಾಡಿಗೆ ಹೋಗಿ, ಯಜಮಾನನ ಮುಂದೆ ನೆಲದ ಮೇಲೆ ಕೂತು, "ಗುಡ್ಡನ ಮೊದ್ಲಿನಂಗೆ ಮಾಡ್ಬೇಕು ಕಣಪ್ಪ. ನೀವೇಳ್ದಂಗೆ ನಾವು ಕೇಳ್ತೀವಿ" ಎಂದರು. ಅವರ ಪಕ್ಕದ ಜಾಗ ನನ್ನದು ಎಂದುಕೊಂಡಿದ್ದವನು ನಾನು. ಅಂದು ಹಿಂದೆ ನಿಂತಿದ್ದೆ.

ಕೆಲಸ ಶುರುವಾದ ದಿನವೇ ಎಡವಟ್ಟಾಯಿತು. ಭಕ್ತಿ ಉಕ್ಕಿ ಬುದ್ದಿಯವರು ಆ ಕಲ್ಲಿಗೆ ವಿಭೂತಿ ಬಳಿದು, ಬಿಲ್ವಪತ್ರೆ ಏರಿಸಿಬಿಟ್ಟರು. ಮಠದವರಿಗೆ ಕಲ್ಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಮಾರನೆಯ ದಿನ ಹಾಡಿಯಿಂದ ಒಬ್ಬರೂ ಬರಲಿಲ್ಲ. ಬುದ್ದಿಯವರು ಮತ್ತೆ ನಡೆದುಕೊಂಡೇ ಹೋದರು.

"ಮುನಿಸ್ಕಂಡ್ರಾ?"

"ಮುನಿಸಲ್ಲ ಬುದ್ದಿ," ಎಂದ ಯಜಮಾನ. "ಬೆಳಿಗ್ಗೆ ಗುಡ್ಡಕ್ಕೆ ಓದ್ರೆ ನಮ್ಮವ್ವನ ಗುರ್ತೇ ಸಿಕ್ನಿಲ್ಲ."

"ತಪ್ಪಾಯ್ತು ಕಣಪ್ಪ. ಕೇಳ್ದೆ ಮುಟ್ಬುಟ್ಟೆ."

ನನಗೆ ಚುಚ್ಚಿದಂತಾಯಿತು. ಒಮ್ಮೆ ಮಠದ ಬೀಗದ ಕೈಯನ್ನು ತಮ್ಮ ಜೋಳಿಗೆಯಲ್ಲೇ ಇಟ್ಟುಕೊಂಡು, ನಾನು ಕಳೆದೆನೆಂದು ಊರವರೆದುರು ನನ್ನನ್ನು ಬೈದಾಗಲೂ ಅವರ ಬಾಯಿಂದ ಈ ಮಾತು ಬಂದಿರಲಿಲ್ಲ!

ಕಲ್ಲನ್ನು ಹಾಡಿಯವರೇ ತೊಳೆದುಕೊಂಡರು. ಎಲ್ಲಿ ಬಿದಿರು, ಎಲ್ಲಿ ನೆಲ್ಲಿ, ಎಲ್ಲಿ ಏನೂ ನೆಡದೆ ಬಿಡಬೇಕು ಎಂಬುದೆಲ್ಲ ಅವರದೇ ತೀರ್ಮಾನ. ನೀಲಗಿರಿಯ ಬೊಡ್ಡೆ ಕೀಳಲು ಮಠದ ಭಕ್ತರೂ ಅವರೂ ಒಟ್ಟಿಗೇ ಗುದ್ದಲಿ ಹಿಡಿದರು. ಕೊನೆಗೂ ಕಟ್ಟೆಯಲ್ಲಿ ನೀರು ನಿಂತ ವರ್ಷ, ಕಾರ್ತಿಕದ ಮೊದಲ ಸೋಮವಾರ ಬುದ್ದಿಯವರು ಹಾಡಿಗೆ ಊಟಕ್ಕೆ ಹೊರಟರು. ನಾನು ಮುಖ ಊದಿಸಿಕೊಂಡು ನಿಂತೆ.

"ನೀವು ಕರೀದಿದ್ರೂ ಬತ್ತೀನಿ ಮೇಷ್ಟ್ರೇ, ನಿಮ್ಮದು ನಮ್ಮನೆ. ಅವ್ರು ಕರೀಲಿ ಅಂತ ಎಷ್ಟು ವರ್ಸದಿಂದ ಕಾಯ್ತಿದ್ದೆ ಗೊತ್ತಾ?"

ಸಮಾಧಾನಕ್ಕೆಂದೇ ಹೇಳಿದ್ದು. ನನಗೆ ಮಾತ್ರ ಕಾಯ್ತಿದ್ದೆ ಎಂಬ ಮಾತೊಂದೇ ಕೇಳಿಸಿತು. ನನಗಾಗಿ ಅವರು ಯಾವತ್ತೂ ಕಾದವರಲ್ಲ; ಸದಾ ಅಲ್ಲೇ ಇರುತ್ತಿದ್ದೆನಲ್ಲ.

ಬುದ್ದಿಯವರು ಹಾಸಿಗೆ ಹಿಡಿದಾಗ, ತಮ್ಮ ಗದ್ದುಗೆ ಗುಡ್ಡದ ಮೇಲೇ ಆಗಲಿ ಎಂಬ ಆಸೆ ಅವರಿಗೆ. ಯಜಮಾನನನ್ನು ಕರೆಸಿ ಅಲ್ಲಿ ಸಮಾಧಿಗೆ ಜಾಗ ಕೇಳಿದರು.

"ಬ್ಯಾಡಿ ಬುದ್ದಿ. ಗದ್ದುಗೆ ಆದ್ರೆ ಜನ ಬತ್ತರೆ, ರೋಡ್ ಬತ್ತದೆ, ಅಂಗ್ಡಿ ಬತ್ತದೆ. ನೀವೂ ಸೇರಿ ಉಳ್ಸಿದ್ ಗುಡ್ಡ."

ಬುದ್ದಿಯವರು ಆತನ ಕೈ ಹಿಡಿದು, "ನಿಜ ಕಣಪ್ಪ" ಎಂದರು. ನಾನಾಗಿದ್ದರೆ ಅಡ್ಡಬಿದ್ದು ಆಗಲಿ ಎನ್ನುತ್ತಿದ್ದೆ. ಅವರೆದುರು ಬೇಡ ಎನ್ನುವ ಸಲಿಗೆ ನನಗೆ ಕೊನೆಯವರೆಗೂ ಬರಲಿಲ್ಲ.

ಹೋದ ವರ್ಷ ಲಿಂಗೈಕ್ಯರಾದರು. ಗದ್ದುಗೆ ಮಠದ ಹಿತ್ತಲಲ್ಲೇ ಆಯಿತು, ನಮ್ಮ ಮನೆಯ ಪಕ್ಕಕ್ಕೆ. ಮಂಡಿನೋವಿನಿಂದ ನಾನು ಗುಡ್ಡ ಹತ್ತಲಾರೆ. ಇಲ್ಲಿಗಾದರೆ ದಿನಾ ಹೋಗಿ ಹೂವಿಡುತ್ತೇನೆ, ಒಂದಿಷ್ಟು ಹೊತ್ತು ಕೂರುತ್ತೇನೆ. ಅವರು ನನ್ನ ಹತ್ತಿರ ಉಳಿದದ್ದು ಯಜಮಾನ ಬ್ಯಾಡಿ ಎಂದದ್ದಕ್ಕೆ. ಇದಕ್ಕೂ ಆತನಿಗೇ ಋಣಿಯಾಗಿರಬೇಕಲ್ಲ ಎಂದು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.