ನಾನು ಹೇಳದ ಹೂಂ

ಮದುವೆ ನಿಶ್ಚಯವಾದ ಮೇಲೆ ನನ್ನ ಮುಖದ ಮೇಲೆ ಊರಿಗೆಲ್ಲ ಹಕ್ಕು ಬಂತು. ತಿಳವಳ್ಳಿಯ ನಮ್ಮ ಮನೆಯಲ್ಲಿ ಅವ್ವ ಬೆಳಿಗ್ಗೆ ಎದ್ದವಳೇ ಕಡಲೆಹಿಟ್ಟಿಗೆ ಹಾಲಿನ ಕೆನೆ ಕಲಸಿಟ್ಟು, ಅದನ್ನು ಬಳಿದುಕೊಳ್ಳದೆ ಚಹಾ ಇಲ್ಲ ಎನ್ನುತ್ತಿದ್ದಳು. ನಾನು ಗಣಿತ ಕಲಿಸುವ ಹಿರೇಕೆರೂರಿನ ಶಾಲೆಯಲ್ಲಿ ಸ್ಟಾಫ್ ರೂಮಿಗೆ ಕಾಲಿಟ್ಟರೆ ಒಬ್ಬರು ಸೌತೆಕಾಯಿ ಎನ್ನುವರು, ಇನ್ನೊಬ್ಬರು ಅಲೋವೆರಾ ಎನ್ನುವರು. ಒಂದು ದಿನ ಬಸ್ಸಿನಲ್ಲಿ ನನ್ನ ತೊಡೆಯ ಮೇಲಿದ್ದ ಲಗ್ನಪತ್ರಿಕೆಯ ಕಟ್ಟು ನೋಡಿದ ಯಾರೋ ಹೆಂಗಸು, "ಮದಿವಿ ಹುಡುಗಿ ಬಿಸಲಿಗೆ ಕುಂದರಬಾರದವಾ, ಏಳು" ಎಂದು ಕಿಟಕಿ ಪಕ್ಕದಿಂದ ನನ್ನನ್ನು ಎಬ್ಬಿಸಿ ತಾನು ಕೂತಳು. ಅದು ಕಾಳಜಿಯೋ ಸೀಟಿನ ಆಸೆಯೋ ಇವತ್ತಿಗೂ ನನಗೆ ತಿಳಿದಿಲ್ಲ.

ಹುಡುಗ ಸವಣೂರಿನವರು. ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದಾರೆ. ನನ್ನನ್ನು ನೋಡಲು ಬಂದ ದಿನ ಅವರ ಸೋದರತ್ತೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದು, ನನ್ನ ಜಡೆಯನ್ನು ಬುಡದಿಂದ ತುದಿಯವರೆಗೆ ಹಿಸುಕಿ, ಕೊನೆಗೊಮ್ಮೆ ಜಗ್ಗಿಯೂ ನೋಡಿದರು. ಒಳಗೆ ಚೌರಿ ಸೇರಿಸಿ ಉದ್ದ ಮಾಡಿದ್ದೇವೋ ಎಂಬ ಗುಮಾನಿ. ನಮ್ಮ ಕಡೆ ಹಳಬರು ಈ ಪರೀಕ್ಷೆ ಇನ್ನೂ ಬಿಟ್ಟಿಲ್ಲ. "ಕೂದಲ ಖರೇನ ಅದಾವ" ಎಂದು ಪಡಸಾಲೆಗೆ ಹೋಗಿ ವರದಿ ಒಪ್ಪಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಹುಡುಗ ಮಾತ್ರ ಆ ಮಾತು ಕೇಳಿ ನಾಚಿ ನೆಲ ನೋಡುತ್ತ ಕೂತಿದ್ದರು. ಆ ಸಂಕೋಚ ನನಗೆ ಹಿಡಿಸಿತು. ಆಮೇಲೆ ಫೋನಿನಲ್ಲಿ ಮಾತಾಡುತ್ತ ಮಾತಾಡುತ್ತ ಅವರೂ ಹಿಡಿಸಿದರು. ಮಾತು ಎಂದರೆ ಊಟ ಆಯಿತೇ, ಶಾಲೆ ಹೇಗಿತ್ತು, ಇಷ್ಟೇ. ಮುಖ್ಯವಾದದ್ದು ಏನಿದ್ದರೂ ಹಿರಿಯರ ಬಾಯಿಂದ ಹಿರಿಯರ ಕಿವಿಗೇ ಹೋಗಬೇಕು. ಹುಡುಗ ಹುಡುಗಿ ನೇರವಾಗಿ ಮಾತೆತ್ತಿದರೆ ಅದು ಉದ್ಧಟತನ.

ಈಗ ಮದುವೆಗೆ ಮುಂಚೆ ಫೋಟೊ ತೆಗೆಸಿಕೊಳ್ಳದಿದ್ದರೆ ಮದುವೆಯೇ ಆಗುವುದಿಲ್ಲ ಎಂಬಂತಾಗಿದೆ. ಅದಕ್ಕಾಗಿ ಮದುವೆಯಾದ ನನ್ನ ಅಕ್ಕನನ್ನು ಕಾವಲಿಗೆ ಜೊತೆ ಮಾಡಿ ನನ್ನನ್ನು ಶಿಗ್ಗಾಂವಿಗೆ ಕಳಿಸಿದರು. ಅಲ್ಲಿಯ ಪಾರ್ಲರಿನಲ್ಲಿ ನನ್ನ ಮುಖಕ್ಕೆ ಏನೇನು ಮೆತ್ತಿದರೋ ದೇವರೇ ಬಲ್ಲ. ಕನ್ನಡಿ ನೋಡಿ ಬೆಚ್ಚಿಬಿದ್ದೆ. ಕುತ್ತಿಗೆಯವರೆಗೆ ಯಾರೋ ಬಿಳಿ ಹೆಂಗಸು, ಅಲ್ಲಿಂದ ಕೆಳಗೆ ನಾನು. "ಭಾಳ ಛಲೋ ಆಗೇತಿ, ಸುಮ್ನಿರು" ಎಂದು ಅಕ್ಕ ಗದರಿದಳು.

ತಡಸದ ಹತ್ತಿರದ ರಸ್ತೆಯಲ್ಲಿ ಬೈಕಿನ ಫೋಟೊ. ಮುಂದೆ ಕಾರಿನ ಡಿಕ್ಕಿಯಲ್ಲಿ ಕ್ಯಾಮೆರಾ ಹಿಡಿದು ಕೂತ ಫೋಟೊಗ್ರಾಫರ್, ಅವನ ಪಕ್ಕ ಅಕ್ಕ. ಹಿಂದೆ ನಮ್ಮ ಬೈಕು. ಹೆಲ್ಮೆಟ್ ಬೇಡ, ಮುಖ ಕಾಣಬೇಕು ಎಂದು ಅವನ ಹುಕುಂ. ನಾನು ಸೀರೆ ಸುತ್ತಿಕೊಂಡು ಒಂದು ಬದಿಗೆ ಕೂತು, ಅವರ ಭುಜದ ಮೇಲೆ ಕೈ ಇಡಲೋ ಬೇಡವೋ ಎಂದು ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಎದುರಿನಿಂದ ಬಂದ ಲಾರಿ ಪಕ್ಕದಲ್ಲೇ ಭರ್ರೆಂದು ಹೋಯಿತು. ಗಾಳಿಯ ಹೊಡೆತಕ್ಕೆ ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣಿನ ಮೇಲೆ ಏನೋ ಕೂದಲು ಕೂದಲಾದದ್ದು ಬಂದು ಬಡಿಯಿತು. ಯಾವುದೋ ಪ್ರಾಣಿ ಎಂದುಕೊಂಡು ಚಿಟ್ಟನೆ ಚೀರಿ ಕಿತ್ತೆಸೆದೆ. ಬೈಕು ನಿಂತಿತು. ಕಣ್ಣು ಬಿಟ್ಟರೆ ನನ್ನ ಮೂಗಿನ ಮುಂದೆ ಒಂದು ನುಣ್ಣನೆಯ ತಲೆ, ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

ಅವರು ತಲೆ ಮುಟ್ಟಿ ನೋಡಿಕೊಂಡು, ರಸ್ತೆಯಲ್ಲಿ ಬಿದ್ದ ವಿಗ್ಗು ನೋಡಿ, ಜೋರಾಗಿ ನಕ್ಕರು.

"ಅಂಟು ಕೈ ಕೊಡ್ತು ನೋಡ್ರಿ!"

"ಏನ್ರಿ ಇದು?" ಎಂದೆ.

"ಯಾಕ್ರಿ? ನಿಮಗ ಗೊತ್ತಿತ್ತಲ್ರಿ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವರ ಮುಖದ ನಗು ಹೇಗೆ ಇಳಿದುಹೋಯಿತು ಎಂದರೆ, ನನ್ನ ಸಿಟ್ಟು ಸಹ ಒಂದು ಗಳಿಗೆ ನಿಂತುಬಿಟ್ಟಿತು. ವಿಗ್ಗು ಕೈಯಲ್ಲಿ ಹಿಡಿದುಕೊಂಡು, ತಪ್ಪು ಮಾಡಿದ ನನ್ನ ವಿದ್ಯಾರ್ಥಿಗಳ ಹಾಗೆ ನಿಂತು ಹೇಳಿದರು. ಮನೆ ನೋಡಲು ಸವಣೂರಿಗೆ ಬಂದ ನನ್ನಪ್ಪನನ್ನು ಅಂಗಡಿಗೆ ಕರೆದೊಯ್ದು, ವಿಗ್ಗು ತೆಗೆದು ತಲೆ ತೋರಿಸಿ, 'ಮಗಳಿಗೆ ಹೇಳ್ರಿ, ಆಕಿ ಒಪ್ಪಿದ್ರಷ್ಟ ಮುಂದಿನ ಮಾತು' ಎಂದಿದ್ದರಂತೆ. ಮನೆಯವರ ಒತ್ತಾಯಕ್ಕೆ ಹಾಕಿಕೊಂಡದ್ದಂತೆ ಅದು. ಅಪ್ಪ ಊರಿಗೆ ಬಂದು ಫೋನು ಮಾಡಿ, 'ಹೇಳೇನಿ, ಹೂಂ ಅಂದಾಳ' ಎಂದಿದ್ದನಂತೆ.

"ಅಷ್ಟ ದಿನ ಫೋನಿನ್ಯಾಗ ಒಂದ್ ಸಲಾನೂ ಅದರ ಸುದ್ದಿ ತಗೀಲಿಲ್ಲ ನೀವು. ಎಷ್ಟ್ ದೊಡ್ಡ ಮನಸ್ಸಿನಾಕಿ ಅಂತ ನಿಮ್ಮ ಮ್ಯಾಲೆ ಭಾಳ ಗೌರವ ಆಗಿತ್ತರಿ" ಎಂದರು.

ನಾನು ಮಾಡದ ಒಳ್ಳೆಯತನಕ್ಕೆ ಅಷ್ಟು ದಿನ ಗೌರವ ಪಡೆದಿದ್ದೆ. ಯಾರಾದರೂ ಕೆನ್ನೆಗೆ ಹೊಡೆದಿದ್ದರೂ ಅಷ್ಟು ಚುರುಕ್ಕೆನ್ನುತ್ತಿರಲಿಲ್ಲ. ಅವರ ಮುಂದೆ ಅಳಬಾರದೆಂದು ಹಲ್ಲು ಕಚ್ಚಿ ಹಿಡಿದೆ. ಫೋಟೊ ಅಲ್ಲಿಗೇ ಮುಗಿಯಿತು.

ಶಿಗ್ಗಾಂವಿನಿಂದ ಹಾನಗಲ್ಲಿನ ಬಸ್ಸು ಹತ್ತಿದೆವು. ಆ ಬಣ್ಣ ಬಳಿದ ಮುಖ ಹೊತ್ತುಕೊಂಡೇ. ಜನ ನನ್ನನ್ನು ನಾಟಕದವಳನ್ನು ನೋಡುವ ಹಾಗೆ ನೋಡುತ್ತಿದ್ದರು. ಅಕ್ಕ ಮಾತ್ರ ಕಿಟಕಿಯಿಂದ ಹೊರಗೆ ನೋಡುತ್ತ ಕೂತಳು. ಅಪ್ಪನ ಮೋಸದ ಬಗ್ಗೆ ನಾನು ಎಷ್ಟು ಹೇಳಿದರೂ ಒಂದು 'ಅಯ್ಯೋ' ಕೂಡ ಅವಳ ಬಾಯಿಂದ ಬರಲಿಲ್ಲ. ಆಗ ಹೊಳೆಯಿತು.

"ನಿನಗೂ ಗೊತ್ತಿತ್ತೇನ?"

"ಅಪ್ಪ ಆಣಿ ಮಾಡಿಸ್ಕೊಂಡಿದ್ದವಾ," ಎಂದಳು. "ಅವ್ವಗೂ ಗೊತ್ತೈತಿ."

ಅಂದರೆ ಮನೆಯಲ್ಲಿ ಗೊತ್ತಿಲ್ಲದಿದ್ದವಳು ನಾನೊಬ್ಬಳೇ. ಕಡಲೆಹಿಟ್ಟು ಹಚ್ಚುವಾಗ, ಬ್ಲೌಸಿನ ಅಳತೆ ಕೊಡುವಾಗ, ಸವಣೂರಿನ ವೀಳ್ಯದೆಲೆಯನ್ನೇ ಲಗ್ನಕ್ಕೆ ತರಿಸಬೇಕೆಂದು ಕೂತು ಮಾತಾಡುವಾಗ, ಎಲ್ಲರೂ ನನ್ನ ಮುಖ ನೋಡುತ್ತಲೇ ಮುಚ್ಚಿಟ್ಟಿದ್ದರು. ಹಾನಗಲ್ಲಿನಲ್ಲಿ ಬಸ್ಸು ಬದಲಿಸುವಾಗ ನಿಲ್ದಾಣದ ನಲ್ಲಿಯಲ್ಲಿ ಗಸಗಸನೆ ಮುಖ ತೊಳೆದೆ. ಆ ಬಣ್ಣ ಸುಲಭಕ್ಕೆ ಹೋಗುವಂಥದ್ದಲ್ಲ. ಸೆರಗು ಹಾಳಾಯಿತು ಎಂದು ಅಕ್ಕ ಬೈದಳು, ಬೈಯಲಿ ಎಂದು ಬಿಟ್ಟೆ.

ಮನೆ ಮುಟ್ಟಿದಾಗ ಅಪ್ಪ ಅಂಗಳದಲ್ಲಿ ಗೋವಿನಜೋಳದ ತೆನೆ ಹರವುತ್ತಿದ್ದ. ನನ್ನ ಮುಖ ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು.

"ಕೂದಲ ಇಲ್ಲಂತ ಇಂಥಾ ಹುಡುಗನ್ನ ಬಿಡಾಕ ಆಕ್ಕೈತೇನವಾ?" ಎಂದು ತಾನೇ ಶುರು ಮಾಡಿದ.

"ಬಿಡ್ತೇನಿ ಅಂತ ನಾ ಹೇಳಿದ್ನೇನು?"

"ಎಲ್ಲೆರ ಒಲ್ಲೆ ಅಂದ್ರ ಅಂತ ಅಂಜಿಕಿ ಆತು. ಛಲೋ ಮನಿತಾನ, ಕುಡಿಯಂಗಿಲ್ಲ, ದುಡಿತಾನ. ಮತ್ತ ಇಂಥಾವ ಸಿಗಬೇಕಲ್ಲ."

"ನಾ ಹೂಂ ಅಂದೆ ಅಂತ ಹೇಳಿಯಲ್ಲಪ್ಪ. ಯಾವಾಗ ಅಂದೆ ನಾ?"

ಅಪ್ಪ ತೆನೆಯೊಂದನ್ನು ಎತ್ತಿಕೊಂಡು ಸಿಪ್ಪೆ ಸುಲಿಯತೊಡಗಿದ. "ನೀ ಹೂಂ ಅಂತಿದ್ದಿ ಬಿಡು. ನನಗ ಗೊತ್ತಿಲ್ಲೇನು ನನ್ನ ಮಗಳ ಮನಸು?"

"ಗೊತ್ತಿದ್ರ ಕೇಳಾಕ ಯಾಕ ಅಂಜಿದಿ?"

ಅವ್ವ ಬಾಗಿಲಿಗೆ ಬಂದು, ಲಗ್ನಪತ್ರಿಕೆ ಹಂಚಿಯಾಗಿದೆ, ಮಾನ ಕಳೆಯಬೇಡ ಎಂದು ಕಣ್ಣೊರೆಸಿಕೊಂಡಳು. ಜಡೆ ಜಗ್ಗಿ ನೋಡಿದವರ ಮೇಲೆ ನನಗೆ ಸಿಟ್ಟು ಬಂದಿತ್ತಲ್ಲ, ಅವರಾದರೂ ನನ್ನ ಎದುರಿಗೇ ಮಾಡಿದ್ದರು. ನನ್ನನ್ನು ಹೆತ್ತವರು ನಾನಿಲ್ಲದ ಕಡೆ ನನ್ನ ಬಾಯಿಯನ್ನೇ ಬಳಸಿಬಿಟ್ಟಿದ್ದರು.

ಫೋನು ತೆಗೆದು ಸವಣೂರಿಗೆ ಹಚ್ಚಿ, ಸ್ಪೀಕರ್ ಹಾಕಿ, ತೆನೆಗಳ ರಾಶಿಯ ಮೇಲಿಟ್ಟೆ.

"ಅವತ್ತ ನಮ್ಮಪ್ಪಗ ಕೇಳಿದ್ದನ್ನ ಈಗ ನನಗ ಕೇಳ್ರಿ" ಎಂದೆ.

ಆ ಕಡೆ ಅವರು ಗಂಟಲು ಸರಿಮಾಡಿಕೊಂಡರು. "ನನ್ನ ತಲ್ಯಾಗ ಕೂದಲ ಇಲ್ರಿ. ಇನ್ನ ಬರೂದೂ ಇಲ್ಲ. ನಿಮಗ ನಡೀತೈತೇನ್ರಿ?"

ನನಗೆ ಉತ್ತರ ಗೊತ್ತಿತ್ತು. ಆ ಬೋಳು ತಲೆ ಹೊತ್ತು ರಸ್ತೆಯಲ್ಲಿ ನಿಂತು ನಕ್ಕ ಮುಖ ನನಗೆ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ? ಆದರೆ ಅಪ್ಪ ಸಿಪ್ಪೆ ಸುಲಿಯುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದ. ನಾನು ಏನು ಹೇಳುತ್ತೇನೋ ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಏಳುವಾಗ ಒಂದು ಮಾತು ಹೇಳಿ ಹೋಗುತ್ತಾರೆ. ಇವರಿಗಿಂತ ಮುಂಚೆ ಬಂದ ಅಷ್ಟೂ ವರಗಳು ಹೋಗುವಾಗ ಅದನ್ನು ನಾನು ಒಳಗೆ ನಿಂತು ಕೇಳಿಸಿಕೊಂಡವಳು.

"ವಿಚಾರ ಮಾಡಿ ತಿಳಸ್ತೇನ್ರಿ" ಎಂದೆ.

ಅವ್ವ ಬಾಯಿಗೆ ಸೆರಗು ಹಿಡಿದಳು. ಅಪ್ಪನ ಕೈಯಿಂದ ತೆನೆ ಜಾರಿತು.

"ಆತ್ರಿ, ಆರಾಮ್ ವಿಚಾರ ಮಾಡ್ರಿ" ಎಂದಿತು ಫೋನು. "ಆದ್ರ ಈ ಸಲ ನೀವ ಹೇಳ್ರಿ. ಮತ್ತೊಬ್ಬರ ಕೈಲೆ ಹೇಳಿ ಕಳಸಬ್ಯಾಡ್ರಿ."