ಹಾಲು ಕರೆಯುವ ಕೈ

ದೇವನಹಳ್ಳಿ ಬಳಿಯ ಆವತಿಯಿಂದ ವಿಜಯಪುರದ ಕಡೆ ಹೋಗುವ ದಾರಿಯಲ್ಲಿ ಬಲಕ್ಕೆ ತಿರುಗಿ ಹಿಪ್ಪುನೇರಳೆ ತೋಟಗಳನ್ನು ದಾಟಿದರೆ ಒಂದು ಸಣ್ಣ ಊರು. ಅಲ್ಲಿ ಮುನಿವೆಂಕಟಮ್ಮ ಗೊತ್ತಿಲ್ಲದ ಮನೆಯಿಲ್ಲ, ಅವಳು ಗೊತ್ತಿಲ್ಲದ ಹಸುವೂ ಇಲ್ಲ. ಒದೆಯುವ ಹಸು, ಹಾಲು ಬಿಡದೆ ಬಿಗಿಹಿಡಿಯುವ ಹಸು, ಕರು ಸತ್ತು ಕಂಗಾಲಾದ ಹಸು, ಯಾವುದೇ ಇರಲಿ, ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹಣೆಯನ್ನು ಅದರ ಹೊಟ್ಟೆಗೆ ಒರಗಿಸಿದಳೆಂದರೆ ಸ್ವಲ್ಪ ಹೊತ್ತಿಗೆ ಬಕೆಟ್ಟಿನೊಳಗೆ ಹಾಲು ಬೀಳುವ ಸದ್ದು ಶುರುವಾಗುತ್ತಿತ್ತು.

ಮದುವೆಯಾಗಿ ಬಂದ ಹೊಸದರಲ್ಲಿ ಅವಳು ತನ್ನ ಮನೆಯ ಹಸುಗಳನ್ನಷ್ಟೇ ಕರೆಯುತ್ತಿದ್ದಳು. ಆಮೇಲೆ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ಊರಿನ ಹೆಂಗಸರು ಅಲ್ಲಿ ನೆಲ ಒರೆಸುವ, ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದರು. ಬೆಳಕು ಹರಿಯುವ ಹೊತ್ತಿಗೆಲ್ಲ ಕಂಪನಿ ವ್ಯಾನು ಬಂದು ಹಾರನ್ ಹೊಡೆಯುತ್ತಿತ್ತು. ವ್ಯಾನು ಯಾರಿಗೂ ಕಾಯುವುದಿಲ್ಲ, ಕೆಚ್ಚಲು ತುಂಬಿದ ಹಸುವೂ ಕಾಯುವುದಿಲ್ಲ. "ಅಕ್ಕಾ, ನಮ್ಮನೇದೂ ಒಸಿ ಕರ್ದ್ಬಿಡು" ಎಂದು ಒಬ್ಬಳು ಕೇಳಿದಳು, ಅವಳನ್ನು ನೋಡಿ ಇನ್ನೊಬ್ಬಳು ಕೇಳಿದಳು. ಹೀಗೆ ಊರಿನ ಅರ್ಧ ಹಸುಗಳು ಮುನಿವೆಂಕಟಮ್ಮನ ಪಾಲಿಗೆ ಬಂದವು.

ಹೆಗಲ ಮೇಲೊಂದು ಟವಲು, ಬೆರಳು ಸರಾಗವಾಗಿ ಜಾರಲೆಂದು ಪುಟ್ಟ ಡಬ್ಬಿಯಲ್ಲಿ ಬೆಣ್ಣೆ. ಕೆಚ್ಚಲಿಗೆ ನೀರು ಸೋಕಿಸಿ, ಟವಲಲ್ಲಿ ಒರೆಸಿ, ಬೆಣ್ಣೆ ಸವರಿ ಕೂರುತ್ತಿದ್ದಳು. ಒಂದು ಮನೆ ಮುಗಿದರೆ ಅದೇ ಟವಲು, ಅದೇ ಡಬ್ಬಿ ಹಿಡಿದು ಮುಂದಿನ ಮನೆ. "ಅವಳ ಕೈಗುಣವೇ ಬೇರೆ" ಅನ್ನುತ್ತಿದ್ದರು ಜನ. ಕೇಳಿದಾಗ ಅವಳು "ಅಯ್ಯೋ ಬಿಡ್ರಮ್ಮ" ಅನ್ನುತ್ತಿದ್ದಳಾದರೂ ಆ ಮಾತು ಅವಳಿಗೆ ಹಿತವಾಗಿಯೇ ಇತ್ತು. ಓದಿಲ್ಲ, ಬರೆದಿಲ್ಲ, ಊರು ಬಿಟ್ಟು ಎಲ್ಲಿಗೂ ಹೋಗಿಲ್ಲ. ತನ್ನದು ಅಂತ ಇರುವುದು ಈ ಕೈಗುಣವೊಂದೇ ಎಂದು ಅವಳು ನಂಬಿದ್ದಳು.

ಹೋದ ಮಳೆಗಾಲದಲ್ಲಿ ಪಕ್ಕದ ಮನೆ ದ್ಯಾವಮ್ಮನ ಸೀಮೆ ಹಸುವಿಗೆ ಕೆಚ್ಚಲು ಬಾವು ಬಂತು. ಕೆಚ್ಚಲು ಕಲ್ಲಿನಂತೆ ಗಟ್ಟಿ, ಮುಟ್ಟಿದರೆ ಕೆಂಡದಂತೆ ಬಿಸಿ. ಹಾಲು ಕರೆದರೆ ಒಡೆದ ಮೊಸರಿನಂಥ ಚೂರುಗಳು ಬಿದ್ದವು. ಪಶುವೈದ್ಯರು ಸೂಜಿ ಹಾಕಿದರು, ಜ್ವರ ಇಳಿಯಿತು, ಆದರೆ ಒಂದು ಮೊಲೆ ಪೂರ್ತಿ ಬತ್ತಿಹೋಯಿತು. ಅದು ವಾಸಿಯಾಗುವಷ್ಟರಲ್ಲಿ ಮೇಲಿನ ಬೀದಿಯಲ್ಲಿ ಇನ್ನೊಂದು ಹಸು ಮಲಗಿತು. ಆಮೇಲೆ ಮತ್ತೊಂದು. ಅಷ್ಟು ಸಾಲದೆಂಬಂತೆ ಊರಿನ ಡೈರಿಯಿಂದ ಹೋದ ಹಾಲು ಗುಣಮಟ್ಟ ಸರಿಯಿಲ್ಲವೆಂದು ವಾಪಸು ಬರತೊಡಗಿತು. ಯಾರೋ ಕಣ್ಣು ಹಾಕಿದ್ದಾರೆ ಎಂದರು ಕೆಲವರು. ಫೀಡು ಸರಿಯಿಲ್ಲ ಎಂದರು ಇನ್ನು ಕೆಲವರು.

ಡೈರಿಯ ಕಾರ್ಯದರ್ಶಿ ಆದಿನಾರಾಯಣಪ್ಪ ಸುಮ್ಮನೆ ಕೂರುವ ಮನುಷ್ಯನಲ್ಲ. ಬೆಂಗಳೂರಿನಲ್ಲಿ ಹಸುಗಳ ಕೆಚ್ಚಲು ರೋಗದ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದ ಮಮತ ಎಂಬ ಪಶುವೈದ್ಯೆಯ ವಿಷಯ ಅವರ ಕಿವಿಗೆ ಬಿದ್ದಿತ್ತು. ಫೋನು ಮಾಡಿ ಕರೆಸಿದರು.

ಮಮತ ಐಸ್ ಪೆಟ್ಟಿಗೆ ಹಿಡಿದು ಬಂದಳು. ಮೂವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಣ್ಣುಮಗಳು. ಅವಳ ಬಳಿ ನಾಲ್ಕು ಗುಂಡಿಗಳಿದ್ದ ಒಂದು ಬಿಳಿ ತಟ್ಟೆಯಿತ್ತು. ನಾಲ್ಕು ಮೊಲೆಯ ಹಾಲನ್ನೂ ಬೇರೆಬೇರೆಯಾಗಿ ಆ ಗುಂಡಿಗಳಿಗೆ ಕರೆದು, ನೇರಳೆ ಬಣ್ಣದ ಔಷಧಿ ಹಾಕಿ ಮೆಲ್ಲಗೆ ತಿರುಗಿಸುತ್ತಿದ್ದಳು. ಒಳ್ಳೆಯ ಹಾಲು ನೀರಿನ ಹಾಗೆ ತೆಳ್ಳಗೆ ಓಡಾಡುತ್ತಿತ್ತು. ರೋಗವಿದ್ದರೆ ಅಂಬಲಿಯ ಹಾಗೆ ಗಟ್ಟಿಯಾಗುತ್ತಿತ್ತು. ಅಪರಿಚಿತರನ್ನು ಕಂಡು ಗಾಬರಿಯಾದ ಹಸುಗಳನ್ನು ಮುನಿವೆಂಕಟಮ್ಮನೇ ಮೈದಡವಿ ನಿಲ್ಲಿಸಿಕೊಟ್ಟಳು.

ತನ್ನ ಮನೆಯ ಚುಕ್ಕಿಯ ಸರದಿ ಬಂದಾಗ ಅವಳು ನಗುತ್ತಲೇ ಇದ್ದಳು. ಚುಕ್ಕಿ ಮೇವು ಬಿಟ್ಟಿರಲಿಲ್ಲ, ಕೆಚ್ಚಲು ಊದಿರಲಿಲ್ಲ. ಆದರೂ ಎರಡು ಗುಂಡಿಗಳಲ್ಲಿ ಹಾಲು ಗಟ್ಟಿಯಾಯಿತು.

"ಇದೇನ್ ಡಾಕ್ಟ್ರಮ್ಮ, ಇದಕ್ಕೇನೂ ಆಗಿಲ್ವಲ್ಲ!"

"ಹೊರಗೆ ಕಾಣಲ್ಲ ಅಮ್ಮ. ಒಳಗೊಳಗೇ ಇರುತ್ತೆ. ಹಾಲು ಕಮ್ಮಿ ಆಗುತ್ತೆ, ಕೆಡುತ್ತೆ, ಬೇರೆ ಹಸೂಗೂ ಅಂಟುತ್ತೆ. ನಿಮ್ಮೂರಲ್ಲಿ ಊದ್ಕೊಂಡಿರೋ ಹಸುಗಳಿಗಿಂತ ಹೀಗೆ ಕಾಣ್ದೇ ಇರೋವೇ ಜಾಸ್ತಿ."

ಹೋಗುವ ಮುಂಚೆ ಮಮತ ಹಾಲು ಕರೆಯುವವರೆಲ್ಲರ ಅಂಗೈಗೆ ಹತ್ತಿ ಸವರಿ, ಆ ಹತ್ತಿಯನ್ನು ಸಣ್ಣ ಸೀಸೆಗಳಲ್ಲಿ ಹಾಕಿ, ರೋಗದ ಹಸುಗಳ ಹಾಲಿನ ಜೊತೆ ಐಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಮುನಿವೆಂಕಟಮ್ಮನ ಟವಲು, ಬೆಣ್ಣೆ ಡಬ್ಬಿಯಿಂದಲೂ ತೆಗೆದುಕೊಂಡಳು. "ನಂಗೂ ಬಾವು ಬಂದದಾ ನೋಡ್ತೀಯೇನವ್ವಾ?" ಎಂದು ಮುನಿವೆಂಕಟಮ್ಮ ತಮಾಷೆ ಮಾಡಿದಳು. ಸುತ್ತ ಇದ್ದವರೆಲ್ಲ ನಕ್ಕರು.

ಕೆಲವು ದಿನಗಳಾದ ಮೇಲೆ ಮಮತ ಮತ್ತೆ ಬಂದಳು. ಡೈರಿಯ ಅಂಗಳದಲ್ಲಿ ಊರವರ ಸಭೆ ಕರೆದಿದ್ದರು. ಆದರೆ ಅವಳು ಮೊದಲು ಹೋದದ್ದು ಮುನಿವೆಂಕಟಮ್ಮನ ಮನೆಗೆ. ಮುನಿವೆಂಕಟಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಮಮತ ಪಕ್ಕದಲ್ಲೇ ಕೂತಳು.

"ಅಮ್ಮಾ, ಎಲ್ರ ಮುಂದೆ ಮಾತಾಡೋಕ್ ಮುಂಚೆ ನಿಮಗೊಬ್ಬರಿಗೇ ಹೇಳ್ಬೇಕು ಅನ್ನಿಸ್ತು. ರೋಗ ಇರೋ ಹಸುಗಳ ಹಾಲಲ್ಲಿ ಯಾವ ಕ್ರಿಮಿ ಸಿಕ್ತೋ, ನಿಮ್ಮ ಕೈಯಿಂದ ತಗೊಂಡ ಹತ್ತೀಲೂ ಅದೇ ಸಿಕ್ಕಿದೆ. ಟವಲಲ್ಲೂ, ಬೆಣ್ಣೇಲೂ."

ಮುನಿವೆಂಕಟಮ್ಮನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಅವರೆಕಾಯಿ ಕೆಳಗೆ ಬಿತ್ತು.

"ನನ್ನ ಕೈಯಾ?"

"ಇದು ನಿಮ್ಮ ತಪ್ಪಲ್ಲ ಅಮ್ಮ. ಮನೆಮನೆ ಹಸು ಮುಟ್ಟೋ ಯಾರ ಕೈಯಾದ್ರೂ ಅಷ್ಟೇ. ಒಂದರ ಕ್ರಿಮೀನ ಇನ್ನೊಂದಕ್ಕೆ ಹೊತ್ಕೊಂಡು ಹೋಗುತ್ತೆ."

"ಹಂಗಾದ್ರೆ ದ್ಯಾವಮ್ಮನ ಹಸೂನ ಮೊಲೆ ಹೋಗಿದ್ದು..."

ಮಮತ ಸುಳ್ಳು ಹೇಳಲಿಲ್ಲ. "ಮೊದಲು ಯಾವ ಹಸೂಲಿತ್ತು ಅಂತ ಈಗ ಹೇಳೋಕಾಗಲ್ಲ. ಹರಡಿದ್ದು ಮಾತ್ರ ಹೀಗೆ. ಸಭೇಲಿ ನಿಮ್ಮ ಹೆಸರು ತೆಗೆಯಲ್ಲ ನಾನು."

ಅವಳು ಎದ್ದು ಹೋದ ಮೇಲೆ ಮುನಿವೆಂಕಟಮ್ಮ ಅಲ್ಲೇ ಕೂತಿದ್ದಳು. ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬಂದ ಗಂಡ ರಾಮಾಂಜಿನಪ್ಪ ಅವಳ ಮುಖ ನೋಡಿ ಹೊರೆ ಇಳಿಸಿದ. ಅವಳು ಎಲ್ಲ ಹೇಳಿ, "ನಾ ಸಭೆಗೆ ಬರಾಕಿಲ್ಲ. ಮೈ ಹುಷಾರಿಲ್ಲ ಅಂತ ಹೇಳ್ಬಿಡಿ" ಎಂದಳು.

ರಾಮಾಂಜಿನಪ್ಪ ತಲೆಯ ಮೇಲಿನ ಸಿಂಬಿ ತೆಗೆದು ಕೊಡವಿದ. "ಹೇಳ್ತೀನಿ, ಅದಕ್ಕೇನು. ಆದ್ರೆ ನಾಳೆ ಬೆಳಗ್ಗೆ ಮೊದಲ್ನೇ ಮನೇಲಿ ಕೆಚ್ಚಲಿಗೆ ಕೈ ಹಾಕೋವಾಗ ಏನ್ಮಾಡ್ತೀಯ?"

ಅವಳು ಮುಖ ತೊಳೆದು ಸೆರಗು ಹೊದ್ದು ಅವನ ಜೊತೆ ಹೊರಟಳು.

ಸಭೆಯಲ್ಲಿ ಮಮತ ರೋಗದ ಬಗ್ಗೆ ಎಲ್ಲ ಬಿಡಿಸಿ ಹೇಳಿದಳು. ಹಾಲು ಕರೆಯುವ ಕೈ, ಒರೆಸುವ ಬಟ್ಟೆಯಿಂದ ಇದು ಹರಡುತ್ತದೆ ಎಂದಾಗ ಹಿಂದಿನಿಂದ ಯಾರೋ ಕೇಳಿದರು: "ಯಾರ ಕೈಯಿಂದ ಅಂತ ಹೇಳಿಬಿಡಿ ಮೇಡಂ, ಹುಷಾರಾಗಿರ್ತೀವಿ."

ಮಮತ "ಅದು ಮುಖ್ಯ ಅಲ್ಲ" ಎನ್ನುವಷ್ಟರಲ್ಲಿ ಮುನಿವೆಂಕಟಮ್ಮ ಎದ್ದು ನಿಂತಿದ್ದಳು.

"ನನ್ನ ಕೈಯಿಂದ. ಪರೀಕ್ಷೇಲಿ ಗೊತ್ತಾಗೈತೆ. ನಂಗೆ ಇವತ್ತೇ ತಿಳಿದಿದ್ದು."

ದ್ಯಾವಮ್ಮ ಅವಳನ್ನೇ ದಿಟ್ಟಿಸಿ, "ನಮ್ಮನೇಲಿ ಅನ್ನ ಉಂಡವಳು ನೀನು ಅಕ್ಕಾ. ನನ್ನ ಹಸೂನ ಮೊಲೆ ನಿನ್ನ ಕೈಯಿಂದ್ಲೇ ಹೋಯ್ತಾ?" ಎಂದು ಕೇಳಿ ಸರಸರ ಎದ್ದು ಹೋದಳು.

ಮಾರನೆಯ ದಿನದಿಂದ ಮುನಿವೆಂಕಟಮ್ಮನನ್ನು ಮನೆಗೆ ಕರೆಯುವವರು ಕಡಿಮೆಯಾದರು. ಕೆಲವರು ರಜೆ ಹಾಕಿ ತಾವೇ ಹಾಲು ಕರೆದರು, ಕೆಲವು ಮನೆಗಳಲ್ಲಿ ಗಂಡಸರು ಕೂತು ಒದೆಸಿಕೊಂಡರು. ಬೆಳಗ್ಗೆ ಎದ್ದ ಕೂಡಲೇ ಹೊರಡುತ್ತಿದ್ದ ಮುನಿವೆಂಕಟಮ್ಮ ಈಗ ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದಳು. ಎದುರಿಗೆ ಸಿಕ್ಕರೂ ದ್ಯಾವಮ್ಮ ಮುಖ ತಿರುಗಿಸಿ ನಡೆಯುತ್ತಿದ್ದಳು. ಅದು ಮುನಿವೆಂಕಟಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ನೋಯುತ್ತಿತ್ತು.

ಅತ್ತು ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ಮಮತಳಿಗೆ ಫೋನು ಮಾಡಿದಳು.

"ಈ ಕೈ ಸರಿ ಹೋಗ್ತದಾ ಡಾಕ್ಟ್ರಮ್ಮ? ಇಲ್ಲಾ ಅಂದ್ರೆ ಇಲ್ಲಾ ಅಂತ ಹೇಳಿಬಿಡಿ."

"ನಿಮ್ಮ ಕೈಗೆ ಏನೂ ಆಗಿಲ್ಲ ಅಮ್ಮ. ಪದ್ಧತಿ ಬದಲಾಯಿಸ್ಬೇಕು ಅಷ್ಟೇ. ನಾಳೆ ಬರ್ತೀನಿ."

ಬಂದಳು. ಮುನಿವೆಂಕಟಮ್ಮನ ಕೊಟ್ಟಿಗೆಯಲ್ಲೇ ಕಲಿಕೆ ಶುರುವಾಯಿತು. ಉಗುರು ಕತ್ತರಿಸಿ, ಒಂದೊಂದು ಹಸುವಿಗೆ ಕೂರುವ ಮುಂಚೆಯೂ ಮೊಣಕೈವರೆಗೆ ಸೋಪು ಹಾಕಿ ತೊಳೆಯುವುದು. ಪ್ರತಿ ಹಸುವಿಗೂ ಅದರದೇ ಬಟ್ಟೆ, ದಿನವೂ ಒಗೆದು ಬಿಸಿಲಿಗೆ ಹಾಕಿದ್ದು. ಮೊದಲ ಧಾರೆಗಳನ್ನು ಕಪ್ಪು ಬಟ್ಟಲಿಗೆ ಹಿಂಡಿ ಚೂರು ಕಾಣುತ್ತದಾ ನೋಡುವುದು. ಕರೆದಾದ ಮೇಲೆ ನಾಲ್ಕೂ ತೊಟ್ಟುಗಳನ್ನು ಅಯೋಡಿನ್ ಔಷಧಿಯಲ್ಲಿ ಅದ್ದುವುದು. ಆ ಕೂಡಲೇ ಹುಲ್ಲು ಹಾಕಬೇಕು. ತೊಟ್ಟಿನ ಬಾಯಿ ಮುಚ್ಚಿಕೊಳ್ಳುವವರೆಗೆ ಹಸು ಸಗಣಿ ಗಂಜಲದಲ್ಲಿ ಮಲಗಬಾರದು, ತಿನ್ನುತ್ತಾ ನಿಂತಿರಬೇಕು. ರೋಗವಿಲ್ಲದ ಹಸುಗಳು ಮೊದಲು, ರೋಗವಿರುವವು ಕೊನೆಗೆ.

ಬೆಣ್ಣೆ ಡಬ್ಬಿಯನ್ನು ಅವಳು ತಾನಾಗಿಯೇ ತಿಪ್ಪೆಗೆ ಎಸೆದಳು. ಕಷ್ಟವಾದದ್ದು ಚುಕ್ಕಿಯ ವಿಷಯ. ಔಷಧಿ ಹಾಕಿದರೂ ಅದರ ಕೆಚ್ಚಲಿನ ರೋಗ ಹೋಗಲಿಲ್ಲ. ಮನೆಯಲ್ಲಿ ಹೆಚ್ಚು ಹಾಲು ಕೊಡುತ್ತಿದ್ದದ್ದೇ ಅದು. "ಇದನ್ನ ಬತ್ತಿಸಿಬಿಡಿ ಅಮ್ಮ. ಹಾಲಿಗಿಟ್ರೆ ಉಳಿದವಕ್ಕೂ ಅಂಟುತ್ತೆ" ಎಂದಳು ಮಮತ. ಮುನಿವೆಂಕಟಮ್ಮ ಒಂದು ದಿನ ಯೋಚಿಸಿ ಒಪ್ಪಿದಳು. ಮಾರಲು ಮನಸ್ಸಾಗದೆ ಚುಕ್ಕಿಯನ್ನು ತೋಟದ ಶೆಡ್ಡಿನಲ್ಲಿ ಬೇರೆಯಾಗಿ ಕಟ್ಟಿಕೊಂಡಳು.

ಅವರೆಕಾಯಿ ಕಾಲ ಮುಗಿಯುವ ಹೊತ್ತಿಗೆ ದ್ಯಾವಮ್ಮನ ಮನೆಯ ಕಡಸು ಕರು ಹಾಕಿತು. ಮೊದಲ ಸೂಲು. ಯಾರು ಹತ್ತಿರ ಹೋದರೂ ಕಾಲು ಬೀಸುತ್ತಿತ್ತು. ಕೆಚ್ಚಲು ತುಂಬಿ ಬಿಗಿದುಕೊಂಡಿತ್ತು, ಹೀಗೇ ಬಿಟ್ಟರೆ ಇದಕ್ಕೂ ಬಾವು ಬರುವುದು ದ್ಯಾವಮ್ಮನಿಗೆ ಗೊತ್ತಿತ್ತು. ಸಂಜೆ ಅವಳು ಮುನಿವೆಂಕಟಮ್ಮನ ಬಾಗಿಲಿಗೆ ಬಂದು, ಒಳಗೆ ಬಾರದೆ ಹೊಸ್ತಿಲಾಚೆ ನಿಂತಳು.

"ಅಕ್ಕಾ... ಒಂದ್ಸಲ ಬರ್ತೀಯಾ?"

"ಬರ್ತೀನಿ. ಬಿಸಿನೀರು, ಸೋಪು, ಒಗೆದ ಬಟ್ಟೆ ಇಟ್ಟಿರು."

ಕೊಟ್ಟಿಗೆಯಲ್ಲಿ ಮುನಿವೆಂಕಟಮ್ಮ ಬಳೆಗಳನ್ನು ಬಿಚ್ಚಿ ಗೂಡಿನಲ್ಲಿಟ್ಟಳು. ಮೊಣಕೈವರೆಗೆ ಸೋಪು ಹಚ್ಚಿ ಬೆರಳ ಸಂದಿಗಳನ್ನೆಲ್ಲ ಉಜ್ಜಿದಳು. ದ್ಯಾವಮ್ಮ ಚೊಂಬಿನಿಂದ ನೀರು ಹುಯ್ಯುತ್ತಾ ನೋಡುತ್ತಿದ್ದಳು.

"ಇಷ್ಟೊತ್ತು ತೊಳೀಬೇಕಾ?"

"ಇನ್ನೂ ಹುಯ್ಯಿ. ನಿನ್ನ ಹಸೂನ ಮೊಲೇನ ವಾಪಸ್ ತರಕ್ಕಂತೂ ನನ್ ಕೈಲಾಗಲ್ಲ ದ್ಯಾವಮ್ಮ. ಇದರದ್ದು ಉಳಿಸ್ತೀನಿ."

ದ್ಯಾವಮ್ಮ ಇನ್ನೊಂದು ಚೊಂಬು ನೀರು ಹುಯ್ದಳು. ಕಡಸು ಮೊದಲು ಕಾಲೆತ್ತಿತು. ಮುನಿವೆಂಕಟಮ್ಮ ಅದರ ಬೆನ್ನು ಸವರಿ, ಕರುವನ್ನು ಕಣ್ಣೆದುರಿಗೆ ಕಟ್ಟಿಸಿ, ಅವಸರ ಮಾಡದೆ ಕಾದಳು. ಕೊನೆಗೆ ಹಾಲು ಇಳಿಯಿತು. ಮುಗಿಸಿ ತೊಟ್ಟುಗಳನ್ನು ಔಷಧಿಯಲ್ಲಿ ಅದ್ದಿ ಎದ್ದಾಗ ದ್ಯಾವಮ್ಮ, "ಕಾಫಿ ಕುಡ್ಕೊಂಡು ಹೋಗು, ಇಟ್ಟಿದ್ದೀನಿ" ಎಂದಳು. ಇಬ್ಬರೂ ಅಡುಗೆಮನೆಯಲ್ಲಿ ಕೂತು ಕುಡಿದರು. ಮಾತು ಕರುವಿನ ಬಗ್ಗೆ ಮಾತ್ರ ಆಯಿತು.

ಮುನಿವೆಂಕಟಮ್ಮ ದ್ಯಾವಮ್ಮನ ಮನೆಗೆ ಹೋದಳೆಂದು ತಿಳಿದ ಮೇಲೆ ಉಳಿದ ಮನೆಯವರೂ ಒಬ್ಬೊಬ್ಬರಾಗಿ ಕರೆಸಿಕೊಂಡರು. ಈಗ ಅವಳು ಕರಾರು ಹಾಕುತ್ತಿದ್ದಳು: ಮನೆಯಲ್ಲಿ ಬಟ್ಟೆ ಒಗೆದಿಲ್ಲವಾದರೆ ಹಸು ಮುಟ್ಟುವುದಿಲ್ಲ. "ಬಲೇ ಜೋರಾಗ್ಬಿಟ್ಟೆ ಕಣಕ್ಕಾ" ಎಂದು ಗೊಣಗಿದರೂ ಬಟ್ಟೆ ಒಗೆದಿಟ್ಟರು. ರೋಗದ ಹಸುಗಳನ್ನು ಕೊನೆಗೆ ಇಟ್ಟುಕೊಂಡದ್ದರಿಂದ ಅವಳು ಊರನ್ನು ಎರಡು ಸಲ ಸುತ್ತಬೇಕಾಗುತ್ತಿತ್ತು. ಸುತ್ತಿದಳು. ಆದಿನಾರಾಯಣಪ್ಪ ಡೈರಿಯಲ್ಲೇ ಔಷಧಿ ಸಿಗುವಂತೆ ಮಾಡಿದರು.

ಬೇಸಗೆಯಲ್ಲಿ ಮಮತ ಬಿಳಿ ತಟ್ಟೆ ಹಿಡಿದು ಮತ್ತೆ ಮನೆಮನೆಗೆ ಹೋದಳು. ಎಲ್ಲ ಹಸುಗಳೂ ವಾಸಿಯಾಗಿರಲಿಲ್ಲ, ಆದರೆ ಹೆಚ್ಚಿನವುಗಳ ಹಾಲು ತಟ್ಟೆಯಲ್ಲಿ ತೆಳ್ಳಗೆ ಓಡಾಡಿತು. ದ್ಯಾವಮ್ಮನ ಕಡಸಿನ ನಾಲ್ಕೂ ಗುಂಡಿಗಳು ಶುದ್ಧವಾಗಿದ್ದವು. ಊರಿನ ಹಾಲು ವಾಪಸು ಬರುವುದು ನಿಂತಿತ್ತು. ಮುನಿವೆಂಕಟಮ್ಮನ ಅಂಗೈಗೆ ಮತ್ತೆ ಸವರಿದ ಹತ್ತಿಯ ಫಲಿತಾಂಶವನ್ನು ಮಮತ ಫೋನಿನಲ್ಲಿ ಹೇಳಿದಳು: "ಏನೂ ಸಿಗಲಿಲ್ಲ ಅಮ್ಮ." ಆಚೆಯಿಂದ "ಊಟ ಆಯ್ತಾ ಡಾಕ್ಟ್ರಮ್ಮ?" ಎಂದು ಕೇಳಿಸಿತು.

ಈಚೆಗೆ ದೊಡ್ಡಬಳ್ಳಾಪುರದ ಕಡೆ, ಮಾಕಳಿದುರ್ಗದ ತಪ್ಪಲಿನ ಒಂದು ಊರಿನಲ್ಲೂ ಇದೇ ರೋಗ ಕಾಣಿಸಿತು. ಮಮತ ಅಲ್ಲಿಗೆ ಮುನಿವೆಂಕಟಮ್ಮನನ್ನೂ ಕರೆದುಕೊಂಡು ಹೋದಳು. ಹತ್ತಾರು ಜನರೆದುರು ನಿಂತು ಮಾತಾಡಿ ಅಭ್ಯಾಸವಿಲ್ಲದ ಅವಳು ಸೆರಗಿನ ತುದಿ ಹಿಡಿದುಕೊಂಡೇ ಹೇಳಿದಳು: "ನಮ್ಮೂರಲ್ಲಿ ಇದು ನನ್ನ ಕೈಯಿಂದ್ಲೇ ಹರಡಿತ್ತು. ಯಾರಿಗೂ ಬೇಕಂತ ಮಾಡ್ಲಿಲ್ಲ. ಗೊತ್ತಾದ್ಮೇಲೆ ಸುಮ್ನಿರಕ್ಕಾಗಲಿಲ್ಲ."

ಸಭೆ ಮುಗಿದ ಮೇಲೆ ಆ ಊರಿನಲ್ಲಿ ನಾಲ್ಕಾರು ಮನೆಗೆ ಹಾಲು ಕರೆಯುವ ಮಾರಕ್ಕ ಎಂಬವಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು: "ನನ್ನ ಕೈಲೂ ಇರಬೋದಾ ಅಮ್ಮ?"

"ಇರಬೋದು ಕಣವ್ವಾ. ಇದ್ರೆ ಹೋಗ್ತದೆ. ಭಯ ಬೀಳ್ಬೇಡ" ಎಂದಳು ಮುನಿವೆಂಕಟಮ್ಮ. "ಬಾ, ನೀನು ದಿನಾ ಮೊದಲು ಕೂರೋ ಹಸು ಯಾವ್ದು ತೋರ್ಸು. ಅಲ್ಲಿಂದ್ಲೇ ಶುರು ಮಾಡಾನ."

ಮಾರಕ್ಕ ಬೇವಿನ ಮರದ ಕೆಳಗಿನ ಕೊಟ್ಟಿಗೆಯ ಕಡೆ ಕೈ ತೋರಿಸಿದಳು. ಇಬ್ಬರೂ ಅತ್ತ ನಡೆದರು.